ಏಳನೇ ತಿಂಗಳ ಅಳತೆ

ಹುಕ್ಕು ಕಿತ್ತು ಹಾರಿ ಗಾಜಿಗೆ ತಗುಲಿ ಟಣ್ ಎಂದಿತು. ಸೆಂಟಿನ ಕೌಂಟರಿನ ಹಿಂದೆ ನಿಂತಿದ್ದ ಅವಳು ಒಂದು ಕೈಯಲ್ಲಿ ಪ್ಯಾಂಟಿನ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆಂಟು ಹೊಡೆದ ಕಾಗದದ ಪಟ್ಟಿಯನ್ನು ಗಿರಾಕಿಯ ಮೂಗಿನ ಮುಂದೆ ಆಡಿಸುತ್ತಲೇ ಇದ್ದಳು. ಗಿರಾಕಿಗೆ ಏನೂ ಗೊತ್ತಾಗಲಿಲ್ಲ. ಮೆಟ್ಟಿಲ ಬಳಿ ನಿಂತಿದ್ದ ಮ್ಯಾನೇಜರಿಗೆ ಗೊತ್ತಾಯಿತು. ಅಂಗಡಿಯ ಹುಡುಗಿಯರು ಅವನಿಗೆ 'ಇಸ್ತ್ರಿ' ಎಂದು ಹೆಸರಿಟ್ಟಿದ್ದರು. ಅವನ ಬಟ್ಟೆಯಲ್ಲಾಗಲಿ ಮುಖದಲ್ಲಾಗಲಿ ಯಾರೂ ಒಂದು ಸುಕ್ಕು ಕಂಡವರಿಲ್ಲ.

"ನೋಡಮ್ಮಾ," ಗಿರಾಕಿ ಹೋದ ಮೇಲೆ ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ. "ಇಲ್ಲಿ ನಿಲ್ಲೋರು ಕಪ್ಪು ಬಟ್ಟೇಲಿ, ಅಚ್ಚುಕಟ್ಟಾಗಿ ಇರಬೇಕು. ನಿನ್ನ ಈಗಿನ ಅಳತೇದು ನಮ್ಮಲ್ಲಿಲ್ಲ. ಸೋಮವಾರದಿಂದ ಕೆಳಗೆ ಪ್ಯಾಕಿಂಗಿಗೆ ಹೋಗು. ಕೂತ್ಕೊಂಡು ಮಾಡೋ ಕೆಲಸ, ನಿನಗೂ ಒಳ್ಳೇದು."

"ನಾನೇ ಕಪ್ಪು ಬಟ್ಟೆ ಹೊಂದಿಸ್ಕೊಂಡು ಬಂದ್ರೆ, ಸರ್?"

"ನೋಡೋ ಹಾಗಿದ್ರೆ ಇರು. ದಿಂಬಿನ ಕವರು ಹಾಕ್ಕೊಂಡು ಬಂದ್ರೆ ಬೇಡ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎದುರು ಮಾತಾಡುವುದಾದರೂ ಸುಲಭವಾಗುತ್ತಿತ್ತು.

ನೆಲಮಾಳಿಗೆಗೆ ಇಳಿದವರು ಮತ್ತೆ ಮೇಲೆ ಬಂದದ್ದನ್ನು ಅವಳು ನೋಡಿರಲಿಲ್ಲ. ಬ್ಯಾಗಿನ ಕೌಂಟರಿನಲ್ಲಿದ್ದ ಅಕ್ಕ ಹೀಗೇ ಬಸುರಿಯಾದಾಗ ಮೂರು ತಿಂಗಳ ಮಟ್ಟಿಗೆಂದು ಇಳಿದವಳು. ಅವಳ ಮಗಳು ಈಗ ನಾಲ್ಕನೇ ಕ್ಲಾಸು. ಇವಳೋ ಹ್ಯಾಂಗರ್ ಎಣಿಸುವ ಕೆಲಸದಿಂದ ಶುರುಮಾಡಿ ಆರು ವರ್ಷಕ್ಕೆ ಈ ಕೌಂಟರಿಗೆ ಬಂದಿದ್ದಳು. ಎರಡನೇ ತಿಂಗಳಲ್ಲಿ ಸೆಂಟಿನ ವಾಸನೆಗೆ ಹೊಟ್ಟೆ ತೊಳೆಸಿ ಬಂದರೂ ಕರ್ಚೀಫಿನಲ್ಲಿ ನಿಂಬೆ ಸಿಪ್ಪೆ ಇಟ್ಟುಕೊಂಡು, ನಗುನಗುತ್ತ ನಿಂತಿದ್ದಳು. ಅಷ್ಟನ್ನೆಲ್ಲ ನುಂಗಿಕೊಂಡದ್ದು ಒಂದು ಹುಕ್ಕಿನಿಂದ ನೀರುಪಾಲಾಗುತ್ತದಲ್ಲ ಎಂದು ಸಂಕಟವಾಯಿತು. ಸಂಕಟಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಅದೇ ಅಂಗಡಿಯ ಮೂರನೇ ಮಹಡಿಯಲ್ಲಿ ಬಸುರಿಯರ ಬಟ್ಟೆಗಳಿದ್ದವು. ಊಟದ ಬಿಡುವಿನಲ್ಲಿ ಹೋಗಿ ಒಂದು ಕಪ್ಪು ಅಂಗಿಯ ಚೀಟಿ ತಿರುಗಿಸಿ ನೋಡಿದಳು. ಎರಡು ತಿಂಗಳು ಹಾಕುವ ಬಟ್ಟೆಗೆ ಅರ್ಧ ತಿಂಗಳ ಸಂಬಳ. ಚೀಟಿಯನ್ನು ಇದ್ದ ಹಾಗೇ ಒಳಗೆ ಸೇರಿಸಿ ಬಂದಳು.

ಸಂಜೆ ಗಂಡ ಎಲ್ಲ ಕೇಳಿಸಿಕೊಂಡು, "ಕೂತು ಮಾಡೋ ಕೆಲಸ ತಾನಾಗೇ ಬಂದ್ರೆ ಬೇಡ ಅಂತೀಯಲ್ಲ, ನಿನಗೇನು ಹುಚ್ಚಾ?" ಎಂದ. ಅವನು ಶಾಲೆಯ ವ್ಯಾನು ಓಡಿಸುವವನು, ಕೂತೇ ಕೆಲಸ ಮಾಡುವವನು. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಬಟಾಣಿ ಬಿಡಿಸುತ್ತಿದ್ದ ಅತ್ತೆ ಮುಂದಿನ ಕೋಣೆಯತ್ತ ಕತ್ತು ಚಾಚಿದರು. "ರೀ, ಕೇಳಿಸ್ತೇನ್ರೀ?"

ಅಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಮಾವ ಕೂತಿದ್ದರು. ಮೂವತ್ನಾಲ್ಕು ವರ್ಷ ಗಂಡಸರ ಬಟ್ಟೆ ಹೊಲಿದವರು. ಡೊಳ್ಳು ಹೊಟ್ಟೆಯವರಿಗೆ ಪ್ಯಾಂಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಅವರು ಹೊಲಿದ ಪ್ಯಾಂಟು ಜಾರಿದ್ದಿಲ್ಲ ಎಂದು ಜನ ಹೇಳುತ್ತಿದ್ದರು. ಎಲ್ಲರೂ ರೆಡಿಮೇಡ್ ಕೊಳ್ಳತೊಡಗಿದ ಮೇಲೆ ಅಂಗಡಿ ಮುಚ್ಚಿ ಯಂತ್ರವನ್ನು ಮನೆಗೆ ತಂದಿದ್ದರು. ಸೊಸೆ ಬಂದು ಮೂರು ವರ್ಷವಾಗಿದ್ದರೂ ಅವಳೊಡನೆ ಅವರ ಮಾತು "ಊಟ ಆಯ್ತಾ", "ಕೊಡೆ ತಗೊಂಡ್ಯಾ" ಎಂಬಲ್ಲಿಗೆ ಮುಗಿಯುತ್ತಿತ್ತು. ಹೊಟ್ಟೆ ಕಾಣತೊಡಗಿದಂದಿನಿಂದ ಅದನ್ನೂ ಗೋಡೆಯ ಕ್ಯಾಲೆಂಡರು ನೋಡಿಕೊಂಡೇ ಕೇಳುತ್ತಿದ್ದರು.

"ನಾನು ಹೆಂಗಸರ ಬಟ್ಟೆ ಮುಟ್ಟಿದವನಲ್ಲ," ಎಂದು ಈಗಲೂ ಕ್ಯಾಲೆಂಡರಿಗೆ ಹೇಳಿದರು.

"ಊರ ಗಂಡಸರ ಹೊಟ್ಟೆಯೆಲ್ಲ ಅಳೆದಿದ್ದೀರಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಹೊಟ್ಟೆಗೆ ಹಾಗೆ ಹೇಳೋಕಾಗುತ್ತಾ? ಹೊಲೀರಿ."

ಮಾವ ಟ್ರಂಕು ತೆಗೆದು ಒಂದು ಕಪ್ಪು ಬಟ್ಟೆ ಹೊರತೆಗೆದರು. ಬ್ಯಾಂಕಿನ ಸಾಹೇಬರೊಬ್ಬರು ಸೂಟಿಗೆಂದು ಕೊಟ್ಟದ್ದು. ಅವರು ವರ್ಗವಾಗಿ ಹೋದವರು ತಿರುಗಿ ಬರಲಿಲ್ಲ, ಬಟ್ಟೆ ಒಂಬತ್ತು ವರ್ಷದಿಂದ ಹಾಗೇ ಇತ್ತು. ಒಳಕೋಣೆಯಲ್ಲಿ ಅತ್ತೆ ಟೇಪು ಹಿಡಿದು ಅಳತೆ ಕೂಗಿದರು, ಪರದೆಯ ಆಚೆ ಮಾವ ಬರೆದುಕೊಂಡರು.

"ಸಡಿಲ ಬಿಡಬೇಡ, ಬಿಗಿ ಹಿಡಿ."

"ಒಳಗೆ ಮಗು ಇದೆ ಕಣ್ರೀ, ಇದೇನು ಗೋಣಿಚೀಲ ಅಲ್ಲ." ಅತ್ತೆ ಹೊಟ್ಟೆಯ ಸುತ್ತಳತೆ ಕೂಗಿದರು.

ಆಚೆ ಮಾವ ಹಳೆಯ ಅಳತೆ ಪುಸ್ತಕದ ಹಾಳೆ ತಿರುಗಿಸಿದ ಸದ್ದಾಯಿತು. ಆಮೇಲೆ, "ಬ್ಯಾಂಕಿನ ಸಾಹೇಬರಿಗಿಂತ ಎರಡೇ ಇಂಚು ಕಮ್ಮಿ," ಎಂದರು. ಬೆಳಗ್ಗಿನಿಂದ ಬಿಗಿದುಕೊಂಡಿದ್ದವಳು ಆಗ ನಕ್ಕಳು.

ಭಾನುವಾರ ಮಧ್ಯಾಹ್ನಕ್ಕೆ ಮೊಣಕಾಲಿನ ಕೆಳಗೆ ಬರಲೆಂದು ಹೊಲಿದ ನಿಲುವಂಗಿ ಸಿದ್ಧವಾಯಿತು. ಹೆಗಲು ಕೋಟಿನ ಹೆಗಲಿನಂತೆ ನೇರ, ಎದುರು ಆರು ಗುಂಡಿ, ಎಲ್ಲಿಯೂ ಒಂದು ಹೊಲಿಗೆ ಎದ್ದು ಕಾಣುತ್ತಿರಲಿಲ್ಲ. ಕನ್ನಡಿಯಲ್ಲಿ ತನ್ನ ಹೆಗಲನ್ನೇ ನೋಡಿಕೊಂಡು ಅವಳಿಗೆ ತುಂಬ ಖುಷಿಯಾಯಿತು. ಆಮೇಲೆ ಅತ್ತೆಯ ಮುಖ ನೋಡಿ ಕೆಳಗೆ ನೋಡಿದಳು. ಹೊಟ್ಟೆಯ ಮೇಲೆ ಹತ್ತಿಳಿದ ಬಟ್ಟೆ ಮುಂದುಗಡೆ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು, ಹಿಂದುಗಡೆ ಮೀನಖಂಡದವರೆಗೆ ಜೋಲುತ್ತಿತ್ತು.

ಹೊರಗೆ ಬಂದವಳನ್ನು ಮಾವ ಓರೆಗಣ್ಣಿನಲ್ಲಿ ನೋಡಿದರು. ನೋಡಿದವರೇ ಸ್ಟೂಲಿನ ಮೇಲೆ ಕುಸಿದು ಕೂತರು.

"ಶರ್ಟು ಕತ್ತರಿಸಿದ ಹಾಗೆ ಕತ್ತರಿಸಿಬಿಟ್ಟೆ," ಎಂದರು. "ಬಗ್ಗಿದಾಗ ಪ್ಯಾಂಟಿನಿಂದ ಹೊರಗೆ ಬರಬಾರದು ಅಂತ ಹಿಂದುಗಡೆ ಉದ್ದ ಬಿಡ್ತೀವಿ. ಕೈ ಹಾಗೇ ಹೋಯ್ತು. ನಾಳೆ ಇನ್ನೂ ದಪ್ಪ ಆದ್ರೆ ಬೇಕಾಗುತ್ತೆ ಅಂತ ಒಳಗೆ ಬಿಟ್ಟಿರೋ ಬಟ್ಟೇನೂ ಬೆನ್ನಿನ ಹೊಲಿಗೇಲೇ ಇದೆ."

ಟ್ರಂಕಿನಲ್ಲಿ ಒಂದು ಗೇಣು ಬಟ್ಟೆಯೂ ಮಿಕ್ಕಿರಲಿಲ್ಲ. ಹಿಂದಿನದನ್ನು ಕತ್ತರಿಸಿ ಸಮ ಮಾಡಿದರೆ ಚಿಕ್ಕ ಹುಡುಗಿಯ ಫ್ರಾಕಾಗುತ್ತಿತ್ತು. ಮಾವನ ಕಿವಿ ಕೆಂಪಾಗಿದ್ದುದನ್ನು ಅವಳು ನೋಡಿದಳು. ತನ್ನ ಗತಿ ನೆನೆದು ಆದದ್ದಕ್ಕಿಂತ ಹೆಚ್ಚು ನೋವು ಅವರನ್ನು ನೋಡಿ ಆಯಿತು.

"ಹೋಗ್ಲಿ ಬಿಡಿ ಮಾವ, ಕೆಳಗೇ ಹೋಗ್ತೀನಿ," ಎಂದು ಒಳಗೆ ಹೋದಳು.

ಬಗ್ಗಿ ಕೆಳಗಿನ ಗುಂಡಿಗಳನ್ನು ಬಿಚ್ಚಲು ಹೊಟ್ಟೆ ಬಿಡಲಿಲ್ಲ. ಮೇಲಿನ ಎರಡು ಬಿಚ್ಚಿ, ತೋಳಿನಿಂದ ಕೈ ಹೊರತೆಗೆದು, ತಲೆಯ ಮೇಲಿಂದ ಎಳೆಯಲು ಹೋದಳು. ಬಟ್ಟೆ ಸಿಕ್ಕಿಕೊಂಡು ಮೈಸುತ್ತ ತಿರುಗಿತು. ಸಿಟ್ಟಿನಿಂದ ಕೆಳಗೆ ಜಗ್ಗಿದಾಗ ಬೆನ್ನಿನ ಭಾಗ ಮುಂದಕ್ಕೆ ಬಂದು ಕೂತಿತ್ತು. ಅವಳು ಕನ್ನಡಿಯ ಮುಂದೆ ಹಾಗೇ ನಿಂತಳು. ಹಿಂದಿನ ಆ ಉದ್ದವನ್ನೆಲ್ಲ ಹೊಟ್ಟೆ ತಿಂದುಕೊಂಡು ಅಂಚು ಸುತ್ತಲೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿತ್ತು.

ಹೆಗಲ ಮೇಲೆ ಶಾಲು ಎಳೆದುಕೊಂಡು, ಖಾಲಿ ತೋಳುಗಳು ನೇತಾಡುತ್ತಿದ್ದಂತೆಯೇ ಹೊರಗೆ ಬಂದಳು. "ಮಾವ, ಇಲ್ಲಿ ನೋಡಿ."

ಅವರು ನೋಡಿದರು. ಈ ಸಲ ಕ್ಯಾಲೆಂಡರಿನ ನೆನಪು ಅವರಿಗೆ ಬರಲಿಲ್ಲ. ಎದ್ದು ಬಂದು ಅವಳ ಸುತ್ತ ಒಂದು ಸುತ್ತು ಹಾಕಿದರು.

"ತೋಳು ಬಿಚ್ಚಿ ತಿರುಗಿಸಿ ಕೂರಿಸ್ತೀನಿ. ಕುತ್ತಿಗೆ ಎರಡು ಬೆರಳು ತೆಗೀಬೇಕು. ಗುಂಡಿ ಬೆನ್ನಿಗೆ ಹೋಗುತ್ತೆ, ಹೋಗ್ಲಿ. ಒಳಗಿರೋ ಬಟ್ಟೆ ಈಗ ಹೊಟ್ಟೆ ಮೇಲೇ ಬಂತಲ್ಲ! ಬೇಕಾದ ಹಾಗೆ ಬಿಚ್ಕೊಂಡು ಹೋದ್ರಾಯ್ತು." ತಮ್ಮ ಪಾಡಿಗೆ ಮಾತಾಡುತ್ತಲೇ ಮರದ ಸ್ಕೇಲು, ಸೀಮೆಸುಣ್ಣ ಹಿಡಿದು ಅವಳ ಕಾಲ ಬಳಿ ನೆಲದ ಮೇಲೆ ಮಂಡಿಯೂರಿದರು.

ಅವಳು ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡಳು. "ಅಯ್ಯೋ, ಏಳಿ ಮಾವ! ಅತ್ತೆ ಗುರುತು ಮಾಡ್ತಾರೆ."

"ಅವಳ ಕೈಲಿ ಗೆರೆ ನೇರ ಬರಲ್ಲ. ಅಲ್ಲಾಡಬೇಡ."

ನೆಲದಿಂದ ಸ್ಕೇಲು ನಿಲ್ಲಿಸಿ, ಒಂದೊಂದೇ ಗುರುತು ಹಾಕುತ್ತ, ಮಂಡಿಯ ಮೇಲೇ ಅವಳ ಸುತ್ತ ಸರಿದರು. ಅರ್ಧ ಸುತ್ತಿಗೆ ಅವರ ಕೈ ನಿಂತಿತು.

"ಕಾಲು ಇಷ್ಟು ಬಾತಿದೆಯಲ್ಲಮ್ಮಾ. ದಿನಾ ಎಷ್ಟು ಹೊತ್ತು ನಿಲ್ತೀಯ?"

"ಒಂಬತ್ತು ಗಂಟೆ."

ಮಾವ ಮತ್ತೆ ಸ್ಕೇಲು ನಿಲ್ಲಿಸಿದರು. ಉಳಿದರ್ಧ ಸುತ್ತನ್ನು ಮೊದಲಿಗಿಂತ ನಿಧಾನವಾಗಿ ಮುಗಿಸಿದರು.

ಸೋಮವಾರ ಬೆಳಿಗ್ಗೆ ಬೆನ್ನಿನ ಗುಂಡಿಗಳನ್ನು ಅತ್ತೆ ಹಾಕಿಕೊಟ್ಟರು. ಅಂಗಡಿಯಲ್ಲಿ ಇಸ್ತ್ರಿ ಅವಳನ್ನು ಹೆಗಲಿನಿಂದ ಅಂಚಿನವರೆಗೆ ನೋಡಿದ. ಕೌಂಟರು ಸುತ್ತಿ ಬಂದು ಹಿಂದಿನಿಂದಲೂ ನೋಡಿದ.

"ಎಲ್ಲಿ ಹೊಲಿಸಿದ್ದು?"

"ಮನೇಲಿ, ಸರ್."

ಅವನು ತನ್ನ ಕೋಟಿನ ಹೆಗಲನ್ನೊಮ್ಮೆ ಸವರಿಕೊಂಡ. "ಸರಿ, ನಿಲ್ಲು," ಎಂದು ಮೆಟ್ಟಿಲು ಹತ್ತಿ ಹೋದ.

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಶೀಶೆಗಳನ್ನೆಲ್ಲ ಒಮ್ಮೆ ಒರೆಸಿ, ಸಾಲಾಗಿ ಜೋಡಿಸಿದಳು. ಬಾಗಿಲು ತೆರೆಯಲು ಇನ್ನೂ ಹತ್ತು ನಿಮಿಷವಿತ್ತು. ಕೌಂಟರಿನ ಹಿಂದೆ ಕುರ್ಚಿ ಇರಲಿಲ್ಲ, ಯಾವತ್ತೂ ಇರಲಿಲ್ಲ. ಮೈಭಾರವನ್ನು ಬಲಗಾಲಿಗೆ ಬಿಟ್ಟು ಎಡಗಾಲಿನ ಹಿಮ್ಮಡಿಯನ್ನು ಚೂರೇ ಎತ್ತಿ ನಿಂತಳು, ಸ್ವಲ್ಪ ಹೊತ್ತಿನ ಮೇಲೆ ಕಾಲು ಬದಲಿಸಿದಳು.