ಆಲೂಗಡ್ಡೆ ಎಂದರೆ ನನಗಾಗದು

ನಾನು ಒಂದು ಮುದ್ದೆಕೋಲು. ಹುಣಸೆ ಕೊಂಬೆಯಿಂದ ನನ್ನನ್ನು ಕೆತ್ತಿ, ಉಜ್ಜಿ, ಹಾಸನ ಸೀಮೆಯ ಒಂದು ಒಕ್ಕಲು ಮನೆಗೆ ಕೊಟ್ಟವನು ಬಡಗಿ ಕಾಳಾಚಾರಿ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಕೇಳಿದ್ದೀರಲ್ಲ? ಆ ಹಿಟ್ಟನ್ನು ಗಂಟಿಲ್ಲದಂತೆ ತೊಳಸಿದವರು ಯಾರೆಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ನಾನು! ಈ ಜಂಬ ನನಗೆ ಇವತ್ತಿಗೂ ಇದೆ. ಆಲೂಗಡ್ಡೆಯ ಮೇಲಿನ ಸಿಟ್ಟೂ ಇದೆ.

ಮನೆಯ ಯಜಮಾನಿ ಚಿಕ್ಕತಾಯಮ್ಮ. ಮಡಕೆಗೆ ಕವೆಗೋಲು ಸಿಕ್ಕಿಸಿ, ಅದನ್ನು ಕಾಲಲ್ಲಿ ಮೆಟ್ಟಿಕೊಂಡು ಅವಳು ನನ್ನನ್ನು ತಿರುಗಿಸುತ್ತಿದ್ದ ಗತ್ತೇ ಗತ್ತು. ಸೊಸೆ ದೇವೀರಮ್ಮ ನನ್ನನ್ನು ಮುಟ್ಟಿದರೂ ಅವಳಿಗೆ ಸೇರುತ್ತಿರಲಿಲ್ಲ.

ಆ ವರ್ಷ ನೆಲದಡಿಯ ಹಗೇವಿನಲ್ಲಿ ತುಂಬಿಟ್ಟಿದ್ದ ರಾಗಿ ಬೇಗನೆ ತಳ ಕಾಣತೊಡಗಿತು. ಹೊಸ ರಾಗಿ ಬರುವುದು ಸುಗ್ಗಿಗೆ. ಮನೆ ತುಂಬ ಉಣ್ಣುವ ಬಾಯಿಗಳು. ನಡುವಿನ ತಿಂಗಳುಗಳಿಗೆ ಏನು? ಆಗಲೇ ಗ್ರಾಮಸೇವಕ ಬಂದು ಒಂದು ಮೂಟೆ ಬಿತ್ತನೆ ಆಲೂಗಡ್ಡೆ ಇಳಿಸಿದ.

"ದೇಶಕ್ಕೇ ಅನ್ನ ಸಾಲ್ತಿಲ್ಲ ಕಣಮ್ಮ. ಅಕ್ಕಿ, ಗೋಧಿ ಹಡಗಲ್ಲಿ ಬರ್ತಿದೆ. ಇದು ಮೂರೇ ತಿಂಗಳಿಗೆ ಕೈಗೆ ಬರುತ್ತೆ. ಇನ್ಮೇಲೆ ಆಲೂಗಡ್ಡೆ ಪಲ್ಯಕ್ಕಲ್ಲ, ಊಟಕ್ಕೇ!"

ಊಟಕ್ಕೇ! ನನ್ನೆದುರೇ ಹೇಳಿದ. ಕೈಕಾಲು ಇದ್ದಿದ್ದರೆ ಅವನ ತಲೆಗೆ ಬಾರಿಸುತ್ತಿದ್ದೆ.

ಮೊಳಕೆಯೊಡೆಯುವ ಕಣ್ಣಿರುವ ಹಾಗೆ ದಪ್ಪ ಹೋಳು ಮಾಡಿ, ಬೂದಿ ಹಚ್ಚಿ ನೆಡಿ ಎಂದು ಹೇಳಿ ಅವನು ಹೋದ. ಚಿಕ್ಕತಾಯಮ್ಮನದು ಬೇರೆಯೇ ಬುದ್ಧಿ. ಗಡ್ಡೆಯ ಕಣ್ಣುಗಳನ್ನಷ್ಟೇ ಸಿಪ್ಪೆಯಂತೆ ತೆಳ್ಳಗೆ ಕೆತ್ತತೊಡಗಿದಳು. ಕಣ್ಣು ಹೊಲಕ್ಕೆ, ಮೈ ಮಡಕೆಗೆ.

"ಅತ್ತೆ, ಒಸಿ ದಪ್ಪಕ್ಕಿರ್ಲಿ. ಬೇರು ಬಿಡೋಗಂಟ ಮೊಳ್ಕೆಗೂ ಉಣ್ಣಕ್ಕೆ ಬೇಕಲ್ವಾ?" ಎಂದಳು ದೇವೀರಮ್ಮ.

"ಮನ್ಸರಿಗೇ ಇಟ್ಟಿಲ್ಲ, ಮೊಳ್ಕೆಗೆ ಉಣ್ಣಕ್ಕಿಕ್ಬೇಕಾ? ಬಾಯ್ಮುಚ್ಚೇ!"

ಬೆಂದ ಗಡ್ಡೆಯನ್ನು ನನ್ನಿಂದಲೇ ಕಿವುಚಿ ಮುದ್ದೆ ಕಟ್ಟಲು ಹೊರಟಳು. ಥೂ! ಮೈಗೆಲ್ಲ ಅಂಟಿಕೊಂಡಿತು. ಉಂಡೆ ತಟ್ಟೆಗೆ ಬಿದ್ದದ್ದೇ ಕುಸಿಯಿತು. ನನಗೆ ಖುಷಿಯೋ ಖುಷಿ.

ಹೊಲದಲ್ಲಿ ತೆಳ್ಳನೆಯ ಕಣ್ಣುಗಳೆಲ್ಲ ಮಣ್ಣಿನೊಳಗೇ ಸುರುಟಿ ಕೊಳೆತವು. ಗ್ರಾಮಸೇವಕ ಸಾಲು ಕೆದಕಿ ನೋಡಿ, "ಬೀಜಾನೇ ತಿಂದ್ಬಿಟ್ರಲ್ಲ!" ಎಂದು ಕೂಗಾಡಿದ. "ನಿನ್ ಬೀಜಾನೇ ಹುಳುಕು" ಎಂದಳು ಚಿಕ್ಕತಾಯಮ್ಮ. ಕುಣಿಯಲಾರದವಳಿಗೆ ನೆಲ ಡೊಂಕು.

ಅಷ್ಟರಲ್ಲಿ ಹಿತ್ತಲ ತಿಪ್ಪೆಯ ಹಿಂದೆ ಹಸಿರು ಕಾಣಿಸಿತು. ಅತ್ತೆ ಕಣ್ಣು ಕೆತ್ತುವ ಮೊದಲೇ ದೇವೀರಮ್ಮ ಒಂದಷ್ಟು ಗಡ್ಡೆ ಎತ್ತಿಟ್ಟು, ದಪ್ಪ ಹೋಳು ಮಾಡಿ ಅಲ್ಲಿ ನೆಟ್ಟಿದ್ದಳು. ಚಿಕ್ಕತಾಯಮ್ಮನ ಮೈ ಉರಿದುಹೋಯಿತು. "ಕಳ್ಳಿ! ಮನೆ ಬಿತ್ತನೇನೇ ಕದ್ದೆಯಾ?" ಎಂದು ನನ್ನನ್ನೇ ಎತ್ತಿಕೊಂಡು ಗಿಡ ಬಡಿಯಲು ನುಗ್ಗಿದಳು. ಬಡಿ, ಬಡಿ ಎಂದು ನಾನೂ ಕುಣಿದೆ.

ದೇವೀರಮ್ಮ ಗಿಡಗಳಿಗೆ ಅಡ್ಡ ನಿಂತಳು. "ಬಡಿ ಅತ್ತೆ. ಹಗೇವಲ್ಲಿ ಏನೈತೆ ಅಂತ ನೋಡ್ಕಂಡು ಬಂದು ಬಡಿ."

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಆಮೇಲೆ ಅವಳು ನನ್ನನ್ನು ತಿಪ್ಪೆಗೆ ಎಸೆದು ಒಳಗೆ ಹೋದಳು.

ಗೌರಿ ಹಬ್ಬದ ಹೊತ್ತಿಗೆ ರಾಗಿ ಪೂರ್ತಿ ಮುಗಿದಿತ್ತು. ಗುದ್ದಲಿಗೆ ಸಿಕ್ಕರೆ ಗಡ್ಡೆ ಸೀಳುತ್ತದೆಂದು ದೇವೀರಮ್ಮ ನನ್ನನ್ನು ತಿಪ್ಪೆಯಿಂದ ಎತ್ತಿ, ತುದಿ ಚೂಪು ಮಾಡಿ ಮಣ್ಣಿಗೆ ಚುಚ್ಚಿದಳು. ನನ್ನ ವೈರಿ ಗಡ್ಡೆಯನ್ನು ನನ್ನ ಮೈಯಿಂದಲೇ ಮೀಟಿ ತೆಗೆದಳು! ಇದಕ್ಕಿಂತ ಅವಮಾನ ಇನ್ನೇನಿದೆ? ಸುಗ್ಗಿಯವರೆಗೆ ಆ ಮನೆಯನ್ನು ದಾಟಿಸಿದ್ದು ಆ ಗಡ್ಡೆಯೇ. ಚಿಕ್ಕತಾಯಮ್ಮ ಗೋಡೆಗೆ ಮುಖ ಮಾಡಿ, ಉಪ್ಪು ಸವರಿಕೊಂಡು ತಿನ್ನುತ್ತಿದ್ದಳು. ಸೊಸೆಯೊಡನೆ ಮಾತಿಲ್ಲ.

ಮರುವರ್ಷ ಬಿತ್ತನೆ ಮೂಟೆಯನ್ನು ಅವಳೇ ಸೊಸೆಯ ಮುಂದೆ ದೂಡಿ, "ನೀನೇ ಕುಯ್ಯಿ" ಎಂದಳು. ಮುಖ ಮಾತ್ರ ಆ ಕಡೆಗೇ ಇತ್ತು.

ಈಗ ನಾನು ಕೋಳಿಗೂಡಿನ ಮೂಲೆಯಲ್ಲಿ ಗೆದ್ದಲು ಹಿಡಿದು ಬಿದ್ದಿದ್ದೇನೆ. ಆಲೂಗಡ್ಡೆಯನ್ನು ನಾನು ಇನ್ನೂ ಕ್ಷಮಿಸಿಲ್ಲ. ಅದು ಊಟವಲ್ಲ ಎಂದೇ ಇವತ್ತಿಗೂ ಹೇಳುತ್ತೇನೆ. ಹಸಿದವರು ಹಿಟ್ಟೋ ಗಡ್ಡೆಯೋ ಎಂದು ನೋಡುವುದಿಲ್ಲ. ನೋಡುವುದು ನಾನು ಮಾತ್ರ, ನನಗೆ ಹೊಟ್ಟೆಯಿಲ್ಲ.