ಏಳನೇ ರೂಟಿನ ಬಾಲ

ನಮ್ಮ ಕಾರ್ಖಾನೆಯ ಬಸ್ಸುಗಳಿಗೆ ಜಿಪಿಎಸ್ ಡಬ್ಬಿ ಕೂರಿಸಿದ ವರ್ಷ ನನ್ನ ಕಣ್ಣು ಹಾಳಾಯಿತು. ತಾಂಡ್ಯದ ನೂಲಿನ ಕಾರ್ಖಾನೆ ಅದು. ನಾನು, ಪ್ರೇಮ್‌ಕುಮಾರ್, ಅಲ್ಲಿ ಸಾರಿಗೆ ವಿಭಾಗದ ಗುಮಾಸ್ತ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳಿಂದ ಬೆಳಗಿನ ಪಾಳಿಗೆ ಹೆಂಗಸರನ್ನು ತುಂಬಿಕೊಂಡು ಬರುವ ಬಸ್ಸುಗಳೆಲ್ಲ ನನ್ನ ಕೊರಳಿಗೇ ಗಂಟು ಬಿದ್ದಿದ್ದವು. ೨೦೦೮ರಲ್ಲಿ ಡಬ್ಬಿಯ ಜೊತೆಗೆ ಒಂದು ಸಾಫ್ಟ್‌ವೇರೂ ಬಂತು. ಪ್ರತಿ ಸ್ಟಾಪನ್ನೂ ನಕ್ಷೆಯ ಮೇಲೆ ಒಂದು ಪಾಯಿಂಟಾಗಿ ಗುರುತಿಸಬೇಕು, ಅದಕ್ಕೊಂದು ಹೆಸರು ಕೊಡಬೇಕು, ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಬೇಕು. ಆಗ ಪರದೆಯ ಮೇಲೆ ನೀಲಿ ಗೆರೆಯೊಂದು ಮೂಡಿ ರೂಟಾಗುತ್ತದೆ.

ಹೇಳುವುದು ಸುಲಭ. ಆ ನಕ್ಷೆಗೆ ಗೊತ್ತಿದ್ದುದು ಹೆದ್ದಾರಿ ಮಾತ್ರ. ನಮ್ಮ ಹಳ್ಳಿಗಳಿದ್ದ ಕಡೆ ಬರೀ ಬಿಳಿ. ಡ್ರೈವರುಗಳನ್ನು ಕೇಳಿದರೆ 'ಸಂಪಿಗೆ ಮರದ ಸ್ಟಾಪು' ಅನ್ನುತ್ತಾರೆ, ಮರ ಕಡಿದು ಯಾವ ಕಾಲವಾಯಿತೋ. 'ರೈಸ್‌ಮಿಲ್ಲು' ಅನ್ನುತ್ತಾರೆ, ಅಲ್ಲಿ ಈಗ ಕಲ್ಯಾಣ ಮಂಟಪವಿದೆ. ಮೌಸು ಎಳೆದೂ ಎಳೆದೂ ನನ್ನ ಮುಂಗೈ ಊದಿಕೊಂಡಿತ್ತು. ಸಾಲದ್ದಕ್ಕೆ, ಬಸ್ಸು ಎಲ್ಲಾದರೂ ಬಳಸಿಕೊಂಡು ಹೋಗುತ್ತದೆಂದರೆ ಸಾಫ್ಟ್‌ವೇರಿಗೆ ಸಿಟ್ಟು ಬರುತ್ತಿತ್ತು. ಕೆಂಪು ಖಾನೆಯೊಂದು ತೆರೆದುಕೊಂಡು ಕಾರಣ ಕೇಳುತ್ತಿತ್ತು. ಕಾರಣ ಬರೆದು, ಅದರ ಕೆಳಗೆ ಮ್ಯಾನೇಜರು ತಮ್ಮ ಹೆಸರು ಒತ್ತಿದರಷ್ಟೇ ಬಳಸು ದಾರಿ ಉಳಿಯುತ್ತಿತ್ತು. 'ರೈಲ್ವೆ ಗೇಟು', 'ಮೋರಿ ಕುಸಿದಿದೆ', 'ನಾಲೆ ಏರಿ ಕಿರಿದು' ಎಂದು ಬರೆದು ಬರೆದು ಆರು ರೂಟು ಮುಗಿಸಿದೆ. ಏಳನೆಯದು ನಮ್ಮೂರಿನದು.

ಮೂಗೂರಿನಿಂದ ಒಳಕ್ಕೆ ಹೋದರೆ ನಮ್ಮೂರು. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿ ಮಾತ್ರ ಹೀಗೆ ಎಂದುಕೊಂಡು ನೀವು ನೆಮ್ಮದಿಯಾಗಿ ಇದ್ದುಬಿಡುತ್ತೀರಿ. ಬಸ್ಸು ಬರುವ ದಾರಿಯಲ್ಲಿ ಮೊದಲು ಸಿಗುವುದು ನಮ್ಮ ಕಾಲೋನಿ, ಆಮೇಲೆ ಮೇಲ್ಬೀದಿ, ಅಲ್ಲಿಂದ ಮುಂದಕ್ಕೆ ನರಸೀಪುರದ ರಸ್ತೆ. ಆದರೆ ಬಸ್ಸು ಕಾಲೋನಿಯಲ್ಲಿ ನಿಲ್ಲುತ್ತಿರಲಿಲ್ಲ. ಕಾದು ನಿಂತ ನಮ್ಮ ಹೆಂಗಸರಿಗೆ ಧೂಳು ಕುಡಿಸಿ ನೇರ ಮೇಲ್ಬೀದಿಗೆ ಹೋಗುತ್ತಿತ್ತು. ಅಲ್ಲಿಯವರೆಲ್ಲ ಹತ್ತಿ ಸೀಟು ಹಿಡಿದ ಮೇಲೆ ದೇವಸ್ಥಾನದ ಮುಂದೆ ತಿರುಗಿಸಿಕೊಂಡು ಕಾಲೋನಿಗೆ ವಾಪಸು ಬರುತ್ತಿತ್ತು. ನಮ್ಮವರನ್ನು ಹತ್ತಿಸಿಕೊಂಡು, ಮತ್ತೆ ತಿರುಗಿ, ಮತ್ತೆ ಮೇಲ್ಬೀದಿಯ ಮೇಲೇ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಕಾರ್ಖಾನೆ ಊರಿಗೆ ಬಸ್ಸು ಬಿಟ್ಟಾಗ 'ಮೊದ್ಲು ಊರು, ಆಮೇಲೆ ಕಾಲೋನಿ' ಎಂದು ಯಾರೋ ದೊಡ್ಡವರು ಹೇಳಿದ್ದರಂತೆ. ಅದೇ ನಡೆದುಕೊಂಡು ಬಂದಿತ್ತು. ನಮ್ಮವರೇ ಮೇಲ್ಬೀದಿಗೆ ನಡೆದು ಹೋಗಿ ಹತ್ತಬಹುದಿತ್ತಲ್ಲ ಎನ್ನಬೇಡಿ. ಅಲ್ಲಿಯೂ ಹತ್ತುವ ಸಾಲಿನಲ್ಲಿ ಹಿಂದೆಯೇ.

ನನ್ನ ಅಕ್ಕ ಚಲುವಮ್ಮ ಆ ಬಸ್ಸಿನಲ್ಲೇ ಬರುತ್ತಾಳೆ. ನಮ್ಮೂರಿನಿಂದ ತಾಂಡ್ಯದವರೆಗೆ ಕಂಬಿ ಹಿಡಿದು ನಿಂತು ಬಂದು, ಪಾಳಿಯುದ್ದಕ್ಕೂ ಮೆಷಿನ್ನಿನ ಮುಂದೆ ನಿಂತು ನೂಲು ಸುತ್ತಿ, ಮನೆಗೆ ಹೋಗಿ ಮಂಡಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಾಳೆ. ಡಾಕ್ಟರು ನಿಲ್ಲಬೇಡಿ ಎಂದಿದ್ದರು. ಕೆಲಸದಲ್ಲಿ ನಿಲ್ಲದೆ ಆಗದು. ಬಸ್ಸಿನಲ್ಲಾದರೂ ಅವಳಿಗೊಂದು ಸೀಟು ಸಿಗಲಿ ಎನ್ನುವುದು ನನ್ನ ಆಸೆ. ಸಾರಿಗೆ ವಿಭಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತ ತಮ್ಮನಿಂದ ಅಷ್ಟೂ ಆಗಿರಲಿಲ್ಲ.

ಏಳನೇ ರೂಟು ಪರದೆಯ ಮೇಲೆ ಮೂಡಿತು. ನಮ್ಮೂರಿನ ಹತ್ತಿರ ಅದಕ್ಕೊಂದು ಬಾಲ ಬಂದಿತ್ತು. ನಮ್ಮ ಮ್ಯಾನೇಜರು ಅನಂತಪದ್ಮನಾಭ, ಸೋಸಲೆಯವರು, ಯಾರಿಗೂ ಕೇಡು ಬಯಸದ ಮನುಷ್ಯ. ನನ್ನ ಹಿಂದೆ ಬಂದು ನಿಂತು ಕನ್ನಡಕ ಸರಿಮಾಡಿಕೊಂಡರು.

"ಇದೇನ್ರೀ ಪ್ರೇಮ್‌ಕುಮಾರ್, ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗಿದೆ?"

ಹೇಳಬಹುದಿತ್ತು. ಹೇಳಿದರೆ ಎರಡು ಕೆಲಸ: ಹೇಳುವುದು ಒಂದು, ಆಮೇಲೆ ಅವರ ಮುಖ ನೋಡುವುದು ಇನ್ನೊಂದು. ಎರಡಕ್ಕೂ ನನಗೆ ತ್ರಾಣವಿರಲಿಲ್ಲ. "ಮೊದಲಿನಿಂದ ಹಾಗೇ ಇದೆ ಸರ್" ಎಂದೆ.

"ಎಷ್ಟು ಡೀಸೆಲ್ ದಂಡ! ಆ ಬಟನ್ ಒತ್ತಿ."

ಹತ್ತಿರದ ದಾರಿ ಹುಡುಕುವ ಬಟನ್ ಅದು. ಒತ್ತಿದೆ. ಬಾಲ ಮಾಯವಾಯಿತು. ಕಾಲೋನಿ ಮೊದಲು ಬಂತು, ಮೇಲ್ಬೀದಿ ಆಮೇಲೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಆಗಿಹೋದದ್ದು ನೋಡಿ ನನಗೆ ಸಂತೋಷವಾಯಿತೆಂದು ನೀವು ತಿಳಿಯಬಹುದು. ಇಲ್ಲ, ಭಯವಾಯಿತು. ಆದರೂ ಪ್ರಿಂಟು ತೆಗೆದು, ಸೋಮವಾರದಿಂದ ಹೀಗೆ ಎಂದು ಡ್ರೈವರ್ ಸಿದ್ದಮಲ್ಲಪ್ಪನ ಕೈಗೆ ಕೊಟ್ಟೆ.

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದಾಗದಿಲ್ಲ ಬುಡಿ ಸಾ. ನಂಗೂ ಗೊತ್ತು, ನಿಮ್ಗೂ ಗೊತ್ತು."

"ನಾನು ಮಾಡಿದ್ದಲ್ಲಪ್ಪ, ಕಂಪ್ಯೂಟರ್ ಮಾಡಿದ್ದು."

"ಕಂಪ್ಯೂಟ್ರು ನಮ್ಮೂರ್ ಕಡೆ ಬಂದಿದ್ದಾ ಸಾ?" ಎಂದು ನಕ್ಕ. ಸಂಜೆ ಅವನು ಊರಿನಲ್ಲಿ ಬಾಯಿಬಿಟ್ಟದ್ದೇ ತಡ, ಮಾರನೇ ದಿನ ಮೇಲ್ಬೀದಿಯ ಮಲ್ಲಯ್ಯ ಕಾರ್ಖಾನೆಗೆ ಬಂದ.

ಮಲ್ಲಯ್ಯ ಹಿಂದೆ ಪಂಚಾಯಿತಿ ಮೆಂಬರಾಗಿದ್ದವನು, ನಮ್ಮೂರಿನಿಂದ ಕಾರ್ಖಾನೆಗೆ ಹೆಣ್ಣಾಳುಗಳನ್ನು ಸೇರಿಸಿದವನು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. "ನಾವೇನೂ ಬೇದ ಮಾಡೋರಲ್ಲ ಸ್ವಾಮಿ. ಮೊದ್ಲಿಂದ ಎಂಗ್ ನಡ್ಕಂಡ್ ಬಂದದೋ ಅಂಗೇ ಓಗ್ಲಿ ಅಂತ ಅಷ್ಟೇಯ. ಇಲ್ದಿದ್ರೆ ನಮ್ ಬೀದಿ ಎಣ್ಮಕ್ಳನ್ನ ಮನೇಲಿ ಕಳಸದಿಲ್ಲ ಅಂತವ್ರೆ."

ಅನಂತಪದ್ಮನಾಭರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವ. ನನ್ನ ಕಡೆ ನೋಡದೆ, "ಮೊದಲಿನ ಹಾಗೇ ಮಾಡಿಬಿಡಿ ಪ್ರೇಮ್‌ಕುಮಾರ್" ಎಂದರು.

ಮಾಡಿದೆ. ಸ್ಟಾಪುಗಳ ಪಟ್ಟಿಯಲ್ಲಿ ಕಾಲೋನಿಯ ಪಾಯಿಂಟನ್ನು ಹಿಡಿದು ಮೇಲ್ಬೀದಿಯ ಕೆಳಕ್ಕೆ ಎಳೆದು ಹಾಕಿದೆ. ಬಾಲ ಮತ್ತೆ ಬಂತು. ಅದರ ಹಿಂದೆಯೇ ಕೆಂಪು ಖಾನೆಯೂ ಬಂತು.

"ಕಾರಣ ಕೇಳುತ್ತಿದೆ ಸರ್."

"ಏನಾದರೂ ಬರೀರಿ."

"ಏನಂತ ಬರೆಯಲಿ?"

ಅವರು ಮಲ್ಲಯ್ಯನ ಮುಖ ನೋಡಿದರು. ಮಲ್ಲಯ್ಯ ಚಾವಣಿ ನೋಡಿದ. ನಿಜ ಹೇಳಬೇಕೆಂದರೆ ನನಗೆ ಧೈರ್ಯ ಬಂದದ್ದಲ್ಲ, ಸಾಕಾಗಿಹೋಗಿತ್ತು. ರೈಲ್ವೆ ಗೇಟು, ಮೋರಿ, ನಾಲೆ ಎಂದು ಬರೆದ ಕೈಯಲ್ಲೇ ಇದನ್ನೂ ಇಂಗ್ಲಿಷಿನಲ್ಲಿ ಬರೆದೆ. ಮಲ್ಲಯ್ಯನಿಗೆ ತಿಳಿಯಲೆಂದು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ: "ಮೇಲ್ಬೀದಿಯವರು ಮೊದಲು ಕೂರಬೇಕು, ಕಾಲೋನಿಯವರು ನಿಂತು ಬರಬೇಕು. ಅದಕ್ಕೆ ಬಸ್ಸು ಬಳಸಿ ಹೋಗುತ್ತದೆ." ಆಮೇಲೆ ಮೌಸನ್ನು ಮ್ಯಾನೇಜರ ಕಡೆ ಸರಿಸಿದೆ. "ಕೆಳಗೆ ತಮ್ಮ ಹೆಸರು ಒತ್ತಬೇಕು ಸರ್. ತಿಂಗಳ ಕೊನೆಗೆ ಹೆಡ್ಡಾಫೀಸಿಗೆ ಹೋಗುತ್ತದೆ."

"ಇಂಗ್ ಬರ್ದ್ರೆ ಎಂಗಪ್ಪ?" ಎಂದ ಮಲ್ಲಯ್ಯ.

"ಬೇರೆ ಕಾರಣ ಇದ್ದರೆ ಹೇಳಿ, ಬರೀತೀನಿ."

ಅನಂತಪದ್ಮನಾಭರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಓದಿದರು. ಮೌಸು ಮುಟ್ಟಲಿಲ್ಲ. "ಊಟ ಮಾಡಿ ಬರ್ತೀನಿ" ಎಂದು ಎದ್ದು ಹೋದವರು ಆ ವಿಷಯಕ್ಕೆ ಮತ್ತೆ ಬರಲೇ ಇಲ್ಲ. ಬೇಡ ಎಂದು ಅವರು ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಹೆಸರು ಒತ್ತದಿದ್ದುದರಿಂದ ಹತ್ತಿರದ ದಾರಿಯೇ ಉಳಿಯಿತು. ನಮ್ಮ ಆಫೀಸಿನಲ್ಲಿ ಒಳ್ಳೆಯದೇನಾದರೂ ಆಗುವುದಿದ್ದರೆ ಹೀಗೇ, ಯಾರೂ ಏನೂ ಮಾಡದೆ.

ಭಾನುವಾರ ಊರಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ. "ಯಾಕಪ್ಪ ಬೇಕಿತ್ತು ಇವೆಲ್ಲ? ನಿಂತು ನಿಂತು ನಂಗ್ ರೂಢಿಯಾಗದೆ" ಎಂದಳು. ಬೆಳಿಗ್ಗೆ ಕಾಲೋನಿಯ ಬಾಗಿಲಲ್ಲಿ ಬಸ್ಸು ನಿಂತಿತು. ನಮ್ಮ ಹೆಂಗಸರು ಹತ್ತಲು ಹಿಂದೆಮುಂದೆ ನೋಡಿದರು. ಸಿದ್ದಮಲ್ಲಪ್ಪ ಹಾರ್ನ್ ಒತ್ತಿ, "ಅತ್ರವ್ವ, ಒತ್ತಾಯ್ತದೆ" ಎಂದು ಗದರಿದ ಮೇಲೆ ಹತ್ತಿದರು. ಮೂರು ಜನರ ಸೀಟಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು, ಅವಳ ಪಕ್ಕದಲ್ಲಿ ನಾನು. ಮಡಿಲಲ್ಲಿ ಬುತ್ತಿಯ ಚೀಲ ಇಟ್ಟುಕೊಂಡು ಹೊರಗೆ ನೋಡತೊಡಗಿದಳು.

ಮೇಲ್ಬೀದಿ ಬಂತು. ಮನೆಯಿಂದ ಕಳಿಸುವುದಿಲ್ಲ ಎಂದಿದ್ದವರೂ ಕಳಿಸಿದ್ದರು. ಸಂಬಳ ಯಾರಿಗೆ ಬೇಡ? ಮೊದಲು ಹತ್ತಿದವಳು ಚಿಕ್ಕಬಸಮ್ಮ. ಅಕ್ಕ ರಜೆಯ ದಿನ ಕಳೆ ಕೀಳಲು ಹೋಗುವುದು ಇವಳ ಹೊಲಕ್ಕೇ. ಕಾರ್ಖಾನೆಯಲ್ಲಿ ಇಬ್ಬರದೂ ಒಂದೇ ಸಾಲಿನ ಮೆಷಿನ್ನು, ಇಬ್ಬರಿಗೂ ಒಂದೇ ಮಂಡಿನೋವು. ಅವಳು ಸುಮ್ಮನೆ ಬಂದು ನಮ್ಮ ಸೀಟಿನ ಹತ್ತಿರ ನಿಂತಳು. ಅಕ್ಕ ಎದ್ದು ನಿಂತಳು.

ಯಾರೂ ಹೇಳಿರಲಿಲ್ಲ. ಅವಳನ್ನು ನೋಡಿ ಹಿಂದಿನ ಸೀಟಿನವರೂ ಒಬ್ಬೊಬ್ಬರಾಗಿ ಏಳತೊಡಗಿದರು. ಇಷ್ಟೆಲ್ಲ ಮಾಡಿದ್ದು ಇದಕ್ಕಾ? ಅಕ್ಕನನ್ನು ಗದರೋಣ ಎಂದು ಬಾಯಿ ತೆರೆದಾಗ ಗೊತ್ತಾಯಿತು, ನಾನೂ ಎದ್ದು ನಿಂತಿದ್ದೆ. ಇಸ್ತ್ರಿ ಮಾಡಿದ ಪ್ಯಾಂಟು, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ. ಎದ್ದದ್ದು ಯಾವಾಗ ಎಂದು ನನಗೇ ತಿಳಿದಿರಲಿಲ್ಲ. ಆ ಕೆಂಪು ಖಾನೆ ನನ್ನ ಮುಂದೆ ತೆರೆದುಕೊಂಡಿದ್ದರೆ ನಾನೂ ಚಾವಣಿ ನೋಡುತ್ತಿದ್ದೆ.

ಅಕ್ಕ ನನ್ನನ್ನು ನೋಡಿದಳು. ಅವಳ ಮುಖ ಕೆಂಪಾಯಿತು.

"ನೀನ್ಯಾಕ್ಲಾ ಎದ್ದೆ?"

ನಾನು ಕೊರಳಿನ ಗುರುತಿನ ಚೀಟಿ ಹಿಡಿದುಕೊಂಡು ನಿಂತೇ ಇದ್ದೆ.

"ನಾನೇನೋ ಅವ್ರ ಒಲ್ದಲ್ಲಿ ಕೂಲಿ ಮಾಡ್ತೀನಿ, ಎದ್ದೆ. ನಿಂಗೇನ್ಲಾ ಬಂದಿತ್ತು? ನಿನ್ನ ಓದ್ಸಿದ್ದು ಇದ್ಕೇನ್ಲಾ? ಕೂತ್ಕಳ್ಲಾ!"

ನನ್ನ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. ತಾನೂ ದೊಪ್ಪನೆ ಕೂತಳು. ಹಿಂದೆ ಎದ್ದಿದ್ದವರಲ್ಲಿ ಕೆಲವರು ಕೂತರು, ಕೆಲವರು ನಿಂತೇ ಇದ್ದರು. ಅಕ್ಕ ಕಿಟಕಿಯ ಕಡೆ ಒತ್ತರಿಸಿಕೊಂಡು, ಚಿಕ್ಕಬಸಮ್ಮನ ಮುಖ ನೋಡದೆ, "ಮೂರ್ ಜನ ಕೂರ್ಬೋದು, ಬನ್ರವ್ವ" ಎಂದಳು. ಚಿಕ್ಕಬಸಮ್ಮ ಬರಲಿಲ್ಲ. ಕಂಬಿ ಹಿಡಿದು ನಿಂತಳು.

ನರಸೀಪುರ ಬರುವವರೆಗೂ ನಿಂತಿದ್ದಳು. ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಭಾರ ಬಿಡುವುದು, ಆಮೇಲೆ ಅದನ್ನೆತ್ತಿ ಇದರ ಮೇಲೆ ಬಿಡುವುದು. ಅಕ್ಕ ಇಷ್ಟು ವರ್ಷ ಹಾಗೇ ಬಂದಿದ್ದಳು. ನರಸೀಪುರ ದಾಟಿ ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಾಗ ಚಿಕ್ಕಬಸಮ್ಮ ನಮ್ಮ ಸೀಟಿನ ತುದಿಯಲ್ಲಿ, ನನಗೆ ತಗುಲದ ಹಾಗೆ ಅಂಚಿನಲ್ಲಿ ಕೂತಳು. ಕೂತವಳು ಏಳಲಿಲ್ಲ. ಅದನ್ನು ನೋಡಲು ಅಕ್ಕನಿಗೆ ಎಚ್ಚರವಿರಲಿಲ್ಲ. ಕಿಟಕಿಯ ಸರಳಿಗೆ ತಲೆ ಕೊಟ್ಟು, ಬಾಯಿ ತೆರೆದು ಮಲಗಿಬಿಟ್ಟಿದ್ದಳು.

ನಂಜನಗೂಡು ದಾಟಿ ತಾಂಡ್ಯದ ಗೇಟು ಬಂದಾಗ ಅವಳನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಎಬ್ಬಿಸಿದವಳು ಚಿಕ್ಕಬಸಮ್ಮ. ಕೈಯಿಂದಲ್ಲ, ನನ್ನ ಮುಂದಿನಿಂದ ತನ್ನ ಬುತ್ತಿಯ ಚೀಲ ಚಾಚಿ, ಅದರ ತುದಿಯಿಂದ ಅಕ್ಕನ ತೋಳನ್ನು ತಿವಿದಳು. "ಏಳೇ ಚಲುವಿ, ಗೇಟು ಬಂತು."

ಅಕ್ಕ ಗಾಬರಿಯಿಂದ ಕಣ್ಣು ಬಿಟ್ಟು ಹೊರಗೆ ನೋಡಿದಳು. ಜೊಲ್ಲು ಒರೆಸಿಕೊಂಡು, ನಂಬಿಕೆಯಿಲ್ಲದವಳಂತೆ ನನ್ನನ್ನು ಕೇಳಿದಳು:

"ಇಷ್ಟೇ ದೂರ್ವಾ ಇದು?"