ಬೆಲ್ಲದ ಕಾಯಿಲು

ಬೆಳಕವಾಡಿಯ ರಾಮಲಿಂಗಯ್ಯನಿಗೆ ಗದ್ದೆಯಿತ್ತು, ಆಲೆಮನೆಯಿತ್ತು, ಬುದ್ಧಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಇದು ಅವನ ಹೆಂಡತಿ ಚಲುವಮ್ಮನ ತೀರ್ಮಾನ. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ. ತನ್ನ ಸೀಮೆಗೆ ವಾಪಸು ಹೊರಟಿದ್ದ ಬಿಳಿ ದೊರೆಯೊಬ್ಬ ಮಾರಿದ ಹಳೇ ಓಟದ ಕಾರನ್ನು ಅವನು ಮನೆ ಮುಂದೆ ತಂದು ನಿಲ್ಲಿಸಿದ ದಿನವೇ, "ಓಡೋದೆಲ್ಲ ದೊರೆ ಕೈಲೇ ಓಡಿ ಮುಗ್ಸ್ಬುಟ್ಟದೆ. ನಮ್ಮನೇಗೆ ಮಲಗಾಕೆ ಬಂದದೆ" ಅಂದಿದ್ದಳು.

ಕಾರು ಮಲಗಿಯೇಬಿಟ್ಟಿತು. ಅದೂ ಎಂಥ ಹೊತ್ತಿನಲ್ಲಿ! ಮಗಳು ಮುದ್ದಮ್ಮನನ್ನು ನೋಡಲು ಮಂಡ್ಯದ ಕಡೆಯ ಪುಟ್ಟಮಾದಯ್ಯ ತನ್ನ ಮಗ ಸಿದ್ದರಾಜುವನ್ನು ಕರೆದುಕೊಂಡು ಮದ್ದೂರು ಸ್ಟೇಷನ್ನಿಗೆ ಬರುವ ವಾರ. ಎರಡು ಸಂಬಂಧ ಕೈತಪ್ಪಿದ ಮೇಲೆ ಕೂಡಿಬಂದದ್ದು. ಇದೂ ತಪ್ಪಿದರೆ ಹುಡುಗಿಗೆ ಕೆಟ್ಟ ಹೆಸರು ಬಂದೀತೆಂದು ಚಲುವಮ್ಮನಿಗೆ ಎದೆಯೊಳಗೆ ಭಯ. ಗಂಡನೋ, ಬೀಗರನ್ನು ಕಾರಿನಲ್ಲೇ ಕರೆತರುತ್ತೇನೆಂದು ಊರಿಗೆಲ್ಲ ಸಾರಿಕೊಂಡು, ರೇಷನ್ ಪೆಟ್ರೋಲು ಕೂಡಿಟ್ಟಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ.

ಮಳವಳ್ಳಿಯ ಬಸ್ ಮೆಕ್ಯಾನಿಕ್ ಜವರಯ್ಯ ಬಂದು ಬಾನೆಟ್ಟು ಎತ್ತಿ, ಲೋಟದಷ್ಟು ದೊಡ್ಡ ಕರಿ ಡಬ್ಬಿಯೊಂದನ್ನು ತಟ್ಟಿ ನೋಡಿದ.

"ಕಾಯಿಲು ಕೆಟ್ಟೋಗದೆ ಗೌಡ್ರೆ. ಇದು ಕಿಡಿ ಕೊಟ್ರೇನೇ ಪೆಟ್ರೋಲು ಅತ್ಕಳದು. ರಿಪೇರಿ ಆಗಾಕಿಲ್ಲ, ಬೇರೇದೇ ಆಕ್ಬೇಕು. ಈ ಯುದ್ಧದಾಗೆ ಇಂತಾದ್ದು ಎಲ್ಲಿ ಸಿಕ್ಕದು? ಲಾರೀದೊಂದು ಮಡಗಿವ್ನಿ, ಆಕ್ಕೊಡ್ಲಾ?"

"ಓಟದ ಕಾರ್ಗೆ ಲಾರಿ ಕಾಯಿಲೇನ್ಲಾ? ಕುದ್ರೆಗೆ ಎಮ್ಮೆ ಮೂಗುದಾರ ಆಕಾಕೆ ಬಂದವ್ನೆ, ಓಗ್ಲಾ!"

ಜವರಯ್ಯನನ್ನು ಅಟ್ಟಿದ ಮೇಲೆ ರಾಮಲಿಂಗಯ್ಯ ತಾನೇ ಡಬ್ಬಿಯ ಮುಚ್ಚಳ ಕಿತ್ತ. ಒಳಗೆ ಕಡಿದಿದ್ದ ತಂತಿಯನ್ನು ಗಂಟು ಹಾಕಿದ. ತಂತಿಯ ಸುತ್ತ ತುಂಬಿದ್ದ ಟಾರು ಉದುರಿಹೋಗಿತ್ತು. ಅದರ ಬದಲಿಗೆ ಆಲೆಮನೆಯ ಕೊಪ್ಪರಿಗೆಯಿಂದ ಕುದಿಯುವ ಬೆಲ್ಲದ ಪಾಕವನ್ನೇ ಎತ್ತಿ ಸುರಿದ. "ನಮ್ಮ ಬೆಲ್ಲ ಕಣಮ್ಮಿ, ಕಲ್ಲಿದ್ದಂಗೆ ಕುಂತ್ಕತದೆ" ಅಂದ.

"ಎಳ್ಳೊಂದು ಕಮ್ಮಿ ಆಯ್ತು, ಅದ್ನೂ ಆಕು" ಅಂದಳು ಚಲುವಮ್ಮ.

ಆದರೂ ಬೀಗರು ಬರುವ ದಿನ ಬೆಳಗಿನ ತಂಪಿನಲ್ಲಿ ಕಾರು ಮದ್ದೂರಿಗೆ ಹೊರಟಿತು. ಊರಿಗೆ ಊರೇ ಹೋ ಎಂದಿತು. ಚಲುವಮ್ಮ ಮಾತ್ರ ಮುದ್ದಮ್ಮನ ತಲೆಗೆ ಹೂ ಮುಡಿಸಿದವಳೇ, ಆಳು ಸಣ್ಣಯ್ಯನ ಕೈಲಿ ಎತ್ತಿನ ಗಾಡಿ ಕಟ್ಟಿಸಿ ಹಿಂದೆಯೇ ಹೊರಟಳು.

ಮಳವಳ್ಳಿಗೆ ಇನ್ನೂ ಒಂದಿಷ್ಟು ದೂರವಿರುವಾಗ ಎದುರಿಗೆ ಕಾರು ಕಂಡಿತು. ಓಡುತ್ತಿರಲಿಲ್ಲ. ಸುಡುಬಿಸಿಲಲ್ಲಿ ರಾಮಲಿಂಗಯ್ಯ ಪಕ್ಕದಲ್ಲಿ ನಡೆಯುತ್ತಾ ಸ್ಟೇರಿಂಗು ಹಿಡಿದಿದ್ದ. ಬಾನೆಟ್ಟಿನ ಸಂದಿಯಿಂದ ಬೆಲ್ಲ ತೊಟ್ಟಿಕ್ಕುತ್ತಿತ್ತು, ನೊಣ ಮುತ್ತಿದ್ದವು. ಹಿಂದೆ ಪಂಚೆ ಎತ್ತಿಕಟ್ಟಿ ಏದುಸಿರು ಬಿಡುತ್ತಾ ತಳ್ಳುತ್ತಿದ್ದವನು ಮುದುಕ ಪುಟ್ಟಮಾದಯ್ಯ. ಕಾರಿನೊಳಗೆ ಕೋಟು ಹಾಕಿಕೊಂಡು, ಕಾಲಮೇಲೆ ಕಾಲು ಹಾಕಿ ಕೂತಿದ್ದವನು ಮದುವೆ ಗಂಡು ಸಿದ್ದರಾಜು.

"ಇಳಿಯಾಕೆ ಕಾಲ್ನೋವೇನಪ್ಪಾ?" ಎಂದಳು ಚಲುವಮ್ಮ.

"ಇಲ್ಲ, ಬೂಟು ಹೊಸದು" ಅಂದ ಸಿದ್ದರಾಜು. ನಾಚಿಕೆಯೂ ಪಡಲಿಲ್ಲ. ಅಪ್ಪನ ಕಡೆ ತಿರುಗಿ, "ಯಾಕ್ ನಿಲ್ಸಿದೆ?" ಎಂದು ಕೇಳಿದ.

ಚಲುವಮ್ಮನ ಮೈಯೆಲ್ಲ ಉರಿದುಹೋಯಿತು. ರಾಮಲಿಂಗಯ್ಯ ಅವಳನ್ನು ಪಕ್ಕಕ್ಕೆಳೆದ.

"ಬಾಯ್ ಮುಚ್ಕಳಮ್ಮಿ. ಮದ್ವೆ ಆಗ್ಲಿ, ಎಲ್ಲಾ ರಿಪೇರಿ ಆಯ್ತದೆ. ಇದೂ ತಪ್ಪೋದ್ರೆ ಬೇರೆ ಗಂಡು ಎಲ್ಲವ್ನೆ?"

ಅದೇ ಪ್ರಶ್ನೆ ಅವಳನ್ನೂ ಎಷ್ಟೋ ದಿನದಿಂದ ನಿದ್ದೆಗೆಡಿಸಿತ್ತು. ಮನೆಯಲ್ಲಿ ಹೂ ಮುಡಿದು ಕಾಯುತ್ತಿದ್ದ ಮಗಳು ಕಣ್ಣಮುಂದೆ ಬಂದಳು. ಈ ಸಂಬಂಧವನ್ನು ಕೆಡಿಸುವ ಪಾಪ ತನ್ನ ತಲೆಗೇ ಬರುತ್ತದೆಂದೂ ಗೊತ್ತಿತ್ತು.

"ನಿನ್ನ ರಿಪೇರಿ ನೋಡ್ದೆ ಕಣಯ್ಯ, ರೋಡ್ಗೆ ಸೋರ್ತಾ ಅದೆ" ಅಂದಳು. "ಎತ್ತ ಅಪ್ಪನ ಕೈಲಿ ತಳ್ಳಿಸ್ಕಳೋನು ನನ್ನ ಮಗಳ ಕೈಲಿ ಏನೇನ್ ಮಾಡ್ಸಾನು? ಈ ಗಂಡು ಬ್ಯಾಡ. ಬೇರೇದೇ ನೋಡನ."

ಆಮೇಲೆ ಪುಟ್ಟಮಾದಯ್ಯನಿಗೆ ನೀರಿನ ಚೊಂಬು ಕೊಟ್ಟು, "ಬನ್ನಿ ಅಣ್ಣ, ಗಾಡಿ ಅತ್ತಿ. ಮನೇಲಿ ಅಡಿಗೆ ಮಾಡಿವ್ನಿ, ಉಂಡ್ಕಂಡು ಓಗೀರಂತೆ" ಅಂದಳು. ಮುದುಕ ಮಗನ ಮುಖ ನೋಡಲಿಲ್ಲ. ಸಣ್ಣಯ್ಯನ ಕೈ ಹಿಡಿದು ಗಾಡಿ ಹತ್ತಿದ.

"ನಾನೆಲ್ಲಿ ಕೂತ್ಕೊಳ್ಲಿ?" ಎಂದು ಸಿದ್ದರಾಜು ಕೂಗಿದ.

"ಕುಂತೇ ಇದ್ದೀಯಲ್ಲಪ್ಪಾ" ಅಂದಳು ಚಲುವಮ್ಮ.